ವಾಕರ್: ಬಟ್ಟೆ ತುಳಿದವರ ಅಡ್ಡಹೆಸರು

ವಾಕರ್ ಅಂದ ಕೂಡಲೇ ನಮಗೆ ಹೊಳೆಯುವುದು ನಡಿಗೆ. ಜಾನಿ ವಾಕರ್ ಬಾಟಲಿಯ ಮೇಲಂತೂ ದಾಪುಗಾಲು ಹಾಕುವ ಮನುಷ್ಯನೇ ಇದ್ದಾನೆ. 1908ರಲ್ಲಿ ಬರೆದ ಆ ಚಿತ್ರ ಲೋಕಕ್ಕೆಲ್ಲ ಈ ಹೆಸರಿನ ತಪ್ಪು ಅರ್ಥವನ್ನು ಕಲಿಸಿಬಿಟ್ಟಿದೆ. ಕಾಡು ಕಾಯುತ್ತಾ ತಿರುಗುತ್ತಿದ್ದವರಿಗೆ ಈ ಹೆಸರು ಬಂತು ಎನ್ನುವ ಮಾತೂ ಇದೆ. ಆದರೆ ಬಹುಪಾಲು ವಾಕರ್ ಮನೆತನಗಳ ಮೂಲ ಉಣ್ಣೆ ಬಟ್ಟೆಯ ಕಸುಬಿನಲ್ಲಿದೆ. ನಮ್ಮ ಉತ್ತರ ಕರ್ನಾಟಕದಲ್ಲಿ ಬಡಿಗೇರ, ಪತ್ತಾರ, ಹೂಗಾರ ಅನ್ನೋ ಅಡ್ಡಹೆಸರುಗಳು ಇವೆಯಲ್ವಾ, ಇದೂ ಅದೇ ಜಾತಿಯ ಹೆಸರು.

ಆ ಕಸುಬು ಏನು ಅಂತ ನೋಡೋಣ. ಮಗ್ಗದಿಂದ ಆಗಷ್ಟೇ ಇಳಿದ ಉಣ್ಣೆ ಬಟ್ಟೆ ಉಡಲು ಬರುವುದಿಲ್ಲ. ಎಳೆಗಳ ನಡುವೆ ಸಂದು ಇರುತ್ತದೆ. ಕುರಿಯ ಮೈಯ ಜಿಡ್ಡು, ನೂಲುವಾಗ ಹಚ್ಚಿದ ಎಣ್ಣೆ ಹಾಗೇ ಉಳಿದಿರುತ್ತದೆ. ಅದನ್ನು ದೊಡ್ಡ ತೊಟ್ಟಿಗೆ ಹಾಕಿ, ನೀರು ಬಿಟ್ಟು, ಬರಿಗಾಲಲ್ಲಿ ಗಂಟೆಗಟ್ಟಲೆ ತುಳಿಯಬೇಕು. ಹೀಗೆ ತುಳಿದಾಗ ಉಣ್ಣೆಯ ಎಳೆಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಬಟ್ಟೆ ಕುಗ್ಗಿ, ದಪ್ಪಗಾಗಿ, ಗಾಳಿ ಮಳೆ ತಡೆಯುವಷ್ಟು ಬಿಗಿಯಾಗುತ್ತದೆ. ಜಿಡ್ಡು ತೆಗೆಯಲು ಬಳಸುತ್ತಿದ್ದದ್ದು ಎರಡು. ಒಂದು, ಹುಳಿತು ನಾರುವ ಮೂತ್ರ. ಅದರಲ್ಲಿ ಅಮೋನಿಯಾ ಇರುತ್ತದೆ, ಅದು ಜಿಡ್ಡನ್ನು ಬಿಡಿಸುತ್ತದೆ. ಇನ್ನೊಂದು, ಎಣ್ಣೆ ಹೀರಿಕೊಳ್ಳುವ ಒಂದು ಬಗೆಯ ಜೇಡಿಮಣ್ಣು. ಇಂಗ್ಲಿಷಿನಲ್ಲಿ ಅದಕ್ಕೆ ಫುಲ್ಲರ್ಸ್ ಅರ್ತ್ ಎಂದು ಹೆಸರು. ನಮಗೆ ಅದು ಚೆನ್ನಾಗಿ ಗೊತ್ತು. ಮುಖಕ್ಕೆ ಹಚ್ಚುವ ಮುಲ್ತಾನಿ ಮಿಟ್ಟಿ ಅದೇ ಬಗೆಯ ಮಣ್ಣು.

ರೋಮನ್ನರ ಕಾಲದಲ್ಲೂ ಈ ಕೆಲಸ ಹೀಗೇ ನಡೆಯುತ್ತಿತ್ತು. ಪೊಂಪೈ ಊರಿನ ಒಂದು ಗೋಡೆಚಿತ್ರದಲ್ಲಿ ತೊಟ್ಟಿಯೊಳಗೆ ನಿಂತು ಬಟ್ಟೆ ತುಳಿಯುವವರನ್ನು ಇವತ್ತಿಗೂ ನೋಡಬಹುದು.

ಈಗ ಪದಕ್ಕೆ ಬರೋಣ. ಹಳೆ ಇಂಗ್ಲಿಷಿನಲ್ಲಿ ‘ವೆಯಲ್ಕನ್’ ಅಂದರೆ ಹೊರಳಿಸು, ಹೊಯ್ದಾಡಿಸು ಎಂದು ಅರ್ಥ. ತೊಟ್ಟಿಯಲ್ಲಿ ಬಟ್ಟೆಯನ್ನು ಹೊರಳಿಸಿ ತುಳಿಯುವವನು ‘ವೆಯಲ್ಕೆರೆ’. ಕಾಲಲ್ಲಿ ನಡೆಯುವುದು ಎನ್ನುವ ಅರ್ಥ ಈ ಕ್ರಿಯಾಪದಕ್ಕೆ ಬಂದಿದ್ದು ಆಮೇಲೆ. ಇಂದು ಎಲ್ಲರ ಬಾಯಲ್ಲಿರುವ ‘ವಾಕ್’ಗಿಂತ ಕಸುಬಿನ ವಾಕರ್ ಹಳಬ.

ನನಗೆ ತುಂಬಾ ಇಷ್ಟವಾಗುವ ಭಾಗ ಇದರ ಮುಂದಿನದು. ಇಂಗ್ಲೆಂಡಿನ ಎಲ್ಲ ಕಡೆ ಈ ಕಸುಬಿನವನನ್ನು ವಾಕರ್ ಎನ್ನುತ್ತಿರಲಿಲ್ಲ. ಯಾರ್ಕ್‌ಶೈರ್, ಲ್ಯಾಂಕಶೈರ್ ಕಡೆಯ ಉತ್ತರದವರಿಗೆ, ಮಧ್ಯ ಇಂಗ್ಲೆಂಡಿನವರಿಗೆ ಅವನು ವಾಕರ್. ಕೆಂಟ್, ಸಸೆಕ್ಸ್, ಸಫೋಕ್ ಕಡೆ ಅವನು ಫುಲ್ಲರ್. ಇದು ಲ್ಯಾಟಿನ್ನಿನ ‘ಫುಲ್ಲೊ’ ಎಂಬ ಪದದಿಂದ ಬಂದದ್ದು. ಡೆವನ್, ಸಾಮರ್‌ಸೆಟ್, ಕಾರ್ನ್‌ವಾಲ್ ಕಡೆ ಹೋದರೆ ಅವನೇ ಟಕ್ಕರ್. ಹಳೆ ಇಂಗ್ಲಿಷಿನ ‘ಟುಕಿಯನ್’ ಅಂದರೆ ಹಿಂಸೆ ಕೊಡು, ಕಾಡು. ಆ ಬಟ್ಟೆ ತಿನ್ನುತ್ತಿದ್ದ ಪೆಟ್ಟು ನೆನೆಸಿಕೊಂಡರೆ ಪದ ಸರಿಯಾಗೇ ಇದೆ. ಮುಂದೆ ಈ ಕೆಲಸಕ್ಕೆ ಬಂದ ಗಿರಣಿಗಳ ಹೆಸರೂ ಹೀಗೇ ಬೇರೆಬೇರೆ: ಉತ್ತರದಲ್ಲಿ ವಾಕ್ ಮಿಲ್, ನೈಋತ್ಯದಲ್ಲಿ ಟಕ್ ಮಿಲ್. ಡೆವನ್‌ನ ಎಕ್ಸೆಟರ್ ನಗರದಲ್ಲಿ ಈ ಕಸುಬಿನವರ ಸಂಘದ ಹಳೇ ಕಟ್ಟಡವೊಂದಿದೆ. ಅದರ ಹೆಸರು ಟಕ್ಕರ್ಸ್ ಹಾಲ್.

14ನೇ ಶತಮಾನದ ಕೊನೆಯಲ್ಲಿ ಬೈಬಲನ್ನು ಇಂಗ್ಲಿಷಿಗೆ ತಂದವರಿಗೆ ಇದು ಒಂದು ತೊಡಕೇ ಆಗಿರಬೇಕು. ಮಾರ್ಕನ ಸುವಾರ್ತೆಯಲ್ಲಿ, ಭೂಮಿಯ ಮೇಲಿನ ಯಾವ ಅಗಸನೂ ಮಾಡಲಾಗದಷ್ಟು ಯೇಸುವಿನ ಬಟ್ಟೆ ಬೆಳ್ಳಗಾಯಿತು ಎಂಬ ಮಾತಿದೆ. ಅಲ್ಲಿ ಅವರು ಒಂದೇ ಪದ ಇಟ್ಟು ಸುಮ್ಮನಾಗಲಿಲ್ಲ. ‘ಫುಲ್ಲರ್, ಅಥವಾ ಬಟ್ಟೆಯ ವಾಕರ್’ ಎಂದು ಎರಡನ್ನೂ ಬರೆದರು. ಎರಡೂ ಕಡೆಯ ಓದುಗರಿಗೆ ತಿಳಿಯಬೇಕಿತ್ತಲ್ಲ!

ಕಾಲಿನ ಕೆಲಸ ಯಂತ್ರಕ್ಕೆ ಹೋಗಿದ್ದು ಬೇಗ. 1185ರಲ್ಲಿ ಟೆಂಪ್ಲರ್ ಎಂಬ ಕ್ರೈಸ್ತ ಯೋಧ-ಸನ್ಯಾಸಿಗಳ ಪಂಥಕ್ಕೆ ಇಂಗ್ಲೆಂಡಿನಲ್ಲಿದ್ದ ಆಸ್ತಿಗಳ ಲೆಕ್ಕ ಬರೆದರು. ಬಟ್ಟೆ ಹದಮಾಡುವ ನೀರಿನ ಗಿರಣಿಗಳು ಅದರಲ್ಲಾಗಲೇ ಕಾಣಿಸುತ್ತವೆ. ನೀರಿನ ಚಕ್ರ ತಿರುಗಿದಂತೆ ಮರದ ಭಾರಿ ಕೊಡತಿಗಳು ಎದ್ದು ಬಿದ್ದು ಬಟ್ಟೆಯನ್ನು ಕುಟ್ಟುತ್ತಿದ್ದವು. ಆದರೆ ಅಡ್ಡಹೆಸರುಗಳು ತಂದೆಯಿಂದ ಮಕ್ಕಳಿಗೆ ಹೋಗುವುದು ಇಂಗ್ಲೆಂಡಿನ ಜನಸಾಮಾನ್ಯರಲ್ಲಿ ಗಟ್ಟಿಯಾಗಿದ್ದು ಹೆಚ್ಚಾಗಿ 13, 14ನೇ ಶತಮಾನಗಳಲ್ಲಿ. ಉತ್ತರದಲ್ಲಿ ಇನ್ನೂ ತಡ. ಹಾಗಾಗಿ ವಾಕರ್ ಹೆಸರು ಮನೆತನಕ್ಕೆ ಅಂಟಿಕೊಳ್ಳುವ ಹೊತ್ತಿಗೆ ಎಷ್ಟೋ ವಾಕರ್‌ಗಳು ಕಾಲು ಒದ್ದೆ ಮಾಡಿಕೊಳ್ಳದೆ ಗಿರಣಿ ನಡೆಸುತ್ತಿದ್ದರು. 1379ರಲ್ಲಿ ಯಾರ್ಕ್‌ಶೈರ್‌ನಲ್ಲಿ ತಲೆಗಂದಾಯಕ್ಕಾಗಿ ಬರೆದ ಪಟ್ಟಿಗಳಲ್ಲಿ ಜನರ ಹೆಸರಿನ ಜೊತೆ ಅವರ ಕಸುಬೂ ಅಲ್ಲಲ್ಲಿ ಸಿಗುತ್ತದೆ. ಕಸುಬು ಎಲ್ಲಿ ನಿಂತು ಹೆಸರು ಎಲ್ಲಿ ಶುರುವಾಯಿತು ಎಂದು ಹುಡುಕುವವರಿಗೆ ಅವು ದೊಡ್ಡ ನಿಧಿ.

ಸ್ಕಾಟ್ಲೆಂಡಿನ ಹೆಬ್ರಿಡೀಸ್ ದ್ವೀಪಗಳಲ್ಲಿ ಮಾತ್ರ ಗಿರಣಿಯಿಲ್ಲದ ಹಳೆ ಪದ್ಧತಿ 20ನೇ ಶತಮಾನದವರೆಗೂ ಉಳಿದಿತ್ತು. ಹೆಂಗಸರು ಉದ್ದನೆಯ ಹಲಗೆಯ ಸುತ್ತ ಕೂತು, ಒದ್ದೆ ಬಟ್ಟೆಯನ್ನು ತಾಳಕ್ಕೆ ಬಡಿಯುತ್ತಾ ಗೇಲಿಕ್ ಭಾಷೆಯಲ್ಲಿ ಹಾಡುತ್ತಿದ್ದರು. ಈ ಕೆಲಸಕ್ಕೆ ಅಲ್ಲಿನ ಇಂಗ್ಲಿಷಿನಲ್ಲಿ ‘ವಾಕಿಂಗ್’ ಎಂದೇ ಹೆಸರು. ಕಾಗುಣಿತ ಸ್ವಲ್ಪ ಬೇರೆ, ಅಷ್ಟೇ.

ಇವತ್ತು ಬ್ರಿಟನ್ನಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಅಡ್ಡಹೆಸರುಗಳಲ್ಲಿ ವಾಕರ್ ಕೂಡ ಒಂದು. ಹಾಗಂತ ಎಲ್ಲ ವಾಕರ್‌ಗಳೂ ಒಂದೇ ಬೇರಿನವರಲ್ಲ. ಊರೂರಿಗೂ ಒಬ್ಬ ವಾಕರ್ ಇದ್ದ, ಊರೂರಲ್ಲೂ ಹೆಸರು ಬೇರೆಯಾಗಿಯೇ ಹುಟ್ಟಿತು. ಸ್ಕಾಟ್ಲೆಂಡಿನ ಕೆಲವು ಮನೆತನಗಳು ಅದೇ ಕಸುಬಿನ ಗೇಲಿಕ್ ಹೆಸರನ್ನು ಬಿಟ್ಟು ವಾಕರ್ ಎಂದು ಇಟ್ಟುಕೊಂಡವು. ಅಮೆರಿಕದಲ್ಲಿ ಗುಲಾಮಗಿರಿಯ ಕಾಲದಿಂದ ಬಂದ ಕರಿಯ ಜನರ ಕುಟುಂಬಗಳಲ್ಲೂ ಈ ಹೆಸರು ತುಂಬಾ ಇದೆ. ಅಲ್ಲಿ ಕೇಶತೈಲ ಮತ್ತು ಸೌಂದರ್ಯ ಸಾಮಗ್ರಿಗಳ ದೊಡ್ಡ ಉದ್ಯಮ ಕಟ್ಟಿದ ಮೇಡಂ ಸಿ. ಜೆ. ವಾಕರ್ 1867ರಲ್ಲಿ ಲೂಯಿಸಿಯಾನದಲ್ಲಿ ಹುಟ್ಟಿದಾಗ ಸಾರಾ ಬ್ರೀಡ್‌ಲವ್ ಆಗಿದ್ದರು. ಅವರ ತಂದೆತಾಯಿ ಗುಲಾಮಗಿರಿಯಲ್ಲಿ ಬದುಕಿದವರು. ಲೋಕಕ್ಕೆ ಗೊತ್ತಾದ ವಾಕರ್ ಹೆಸರು ಅವರಿಗೆ ಸಿಕ್ಕಿದ್ದು ಗಂಡ ಚಾರ್ಲ್ಸ್ ಜೋಸೆಫ್ ವಾಕರ್ ಅವರಿಂದ.