ಕರುಳಿನ ಸ್ಯಾಂಪಲ್ ಫ್ರೀಜರ್‌ನಲ್ಲಿಟ್ಟು ಕೊಟ್ರೆ ಲ್ಯಾಬ್‌ನೋರು ಯಾಕೆ ಬೇಡ ಅಂತಾರೆ?

ಪ್ರಶ್ನೆ: ರಾತ್ರಿ ಸತ್ತ ಕೋಳಿಯ ಕರುಳನ್ನ ಬೆಳಿಗ್ಗೆ ತೆಗೆದು ಫ್ರೀಜರ್‌ನಲ್ಲಿಟ್ಟು ಲ್ಯಾಬ್‌ಗೆ ಕೊಟ್ಟೆ, ಮೈಕ್ರೋಸ್ಕೋಪಲ್ಲಿ ನೋಡಕ್ಕಾಗಲ್ಲ ಅಂದ್ರು. ಫ್ರೀಜ್ ಮಾಡಿದ್ರೆ ಕೆಡಲ್ವಲ್ಲ ಸಾರ್?

ಉತ್ತರ: ಕೋಳಿ ಫಾರ್ಮ್ ಇಟ್ಟಿರೋರು ತುಂಬಾ ಜನ ಇದನ್ನ ಕೇಳ್ತಾರೆ. ನಿಮ್ಮ ಸ್ಯಾಂಪಲ್ ಫ್ರೀಜರ್‌ಗೆ ಹೋಗೋಕ್ಕೆ ಮುಂಚೆನೇ ಅರ್ಧ ಹಾಳಾಗಿತ್ತು. ಜೀರ್ಣ ಮಾಡೋ ಎಂಜೈಮು, ಬ್ಯಾಕ್ಟೀರಿಯಾ ಎರಡೂ ಕರುಳಲ್ಲೇ ಇರೋದ್ರಿಂದ ಪ್ರಾಣಿ ಸತ್ತ ತಕ್ಷಣ ಅವು ಕರುಳಿನ ಒಳಪದರಾನೇ ಕರಗಿಸೋಕೆ ಶುರು ಮಾಡ್ತವೆ, ಅದ್ರಲ್ಲೂ ಕೋಳಿಗೆ ಪುಕ್ಕ ಬೇರೆ, ಮೈ ಬಿಸಿ ಬೇಗ ಆರಲ್ಲ. ಒಳಪದರದ ಮೇಲೆ ಬೆರಳಿನ ಆಕಾರದಲ್ಲಿ ನಿಂತಿರೋ ವಿಲ್ಲೈ ಅಂತ ಇರ್ತವಲ್ಲ, ಅವುಗಳ ತುದಿಯ ಕೋಶಗಳು ಮೊದಲು ಕಳಚಿ ಬೀಳ್ತವೆ. ಆಮೇಲೆ ಸ್ಲೈಡ್ ನೋಡಿದ್ರೆ ಬೋಳು ವಿಲ್ಲೈ ಕಾಣುತ್ತೆ, ಆದ್ರೆ ಅದನ್ನ ಬೋಳು ಮಾಡಿದ್ದು ರೋಗನಾ ಸಾವಿನ ನಂತರದ ಕೊಳೆತನಾ ಅಂತ ಹೇಳೋದು ತುಂಬಾ ಕಷ್ಟ.

ಇನ್ನು ಫ್ರೀಜರ್. ಕೋಶದೊಳಗಿನ ನೀರು ಐಸ್ ಹರಳಾಗಿ ಕೋಶದ ಪೊರೆ ಒಡೆಯುತ್ತೆ, ಫ್ರೀಜ್ ಆದ ಟೊಮ್ಯಾಟೊ ಹೊರಗಿಟ್ರೆ ಪಿಚ್ಚಗಾಗುತ್ತಲ್ಲ, ಹಾಗೇ.

ಸರಿಯಾದ ದಾರಿ ಅಂದ್ರೆ ಆಗಷ್ಟೇ ಸತ್ತ ಕೋಳಿಯಿಂದ 1-2 ಸೆಂಟಿಮೀಟರ್ ತುಂಡುಗಳನ್ನ ತೆಗೆದು ತಕ್ಷಣ 10% ಬಫರ್ಡ್ ಫಾರ್ಮಲಿನ್‌ಗೆ (ತುಂಡು ಕೊಳೆಯದಂಗೆ ಇಡೋ ದ್ರಾವಣ) ಹಾಕೋದು, ತುಂಡಿನ ಹತ್ತು ಪಟ್ಟು ಫಾರ್ಮಲಿನ್ ಇರ್ಬೇಕು. ಒಳಭಾಗಾನ ಉಜ್ಜಬೇಡಿ, ಹಿಂಡಬೇಡಿ. ಅಗಲ ಬಾಯಿ ಡಬ್ಬಿ ತಗೊಳ್ಳಿ, ಫಾರ್ಮಲಿನ್‌ನಲ್ಲಿ ತುಂಡು ಗಟ್ಟಿಯಾಗುತ್ತೆ, ಸಣ್ಣ ಬಾಯಿ ಬಾಟಲಿಯಿಂದ ಹೊರಗೆ ಬರಲ್ಲ. ಗ್ಲೌಸ್ ಹಾಕ್ಕೊಳ್ಳಿ, ಗಾಳಿಯಾಡೋ ಜಾಗದಲ್ಲೇ ಮಾಡಿ, ಅದರ ಹೊಗೆ ಒಳ್ಳೇದಲ್ಲ.

ಲ್ಯಾಬ್‌ನೋರು ಕರುಳಿನ ಬೇರೆ ಬೇರೆ ಜಾಗದ ತುಂಡು ಯಾಕೆ ಕೇಳ್ತಾರೆ ಅಂದ್ರೆ ಕಾಕ್ಸಿಡಿಯೋಸಿಸ್ ಅನ್ನೋ ಕರುಳಿನ ರೋಗ ತರೋ ಐಮೇರಿಯಾ ಅನ್ನೋ ಪರಾವಲಂಬಿಯಲ್ಲಿ ಟೆನೆಲ್ಲಾ ಜಾತಿ ಸೀಕಮ್‌ನಲ್ಲಿ (ಸಣ್ಣ ಕರುಳು ಮುಗಿಯೋ ಕಡೆ ಇರೋ ಚೀಲ) ಸೇರ್ಕೊಳುತ್ತೆ, ಅಸರ್ವುಲಿನಾ ಜಾತಿ ಡುವೊಡಿನಮ್ (ಸಣ್ಣ ಕರುಳಿನ ಮೊದಲ ಭಾಗ) ಕಡೆ. ಲ್ಯಾಬಲ್ಲಿ ಮೇಣದಲ್ಲಿ ಕೂರಿಸಿ 4-5 ಮೈಕ್ರಾನ್ ದಪ್ಪಕ್ಕೆ ಕತ್ತರಿಸಿ ಬಣ್ಣ ಹಾಕ್ತಾರೆ, ನ್ಯೂಕ್ಲಿಯಸ್ ನೀಲಿ, ಉಳಿದಿದ್ದು ಗುಲಾಬಿ. ಒಳ್ಳೇ ಸ್ಯಾಂಪಲ್ ಆದ್ರೆ ಕೋಶದ ಒಳಗೇ ಕೂತಿರೋ ಪರಾವಲಂಬಿ ಎದ್ದು ಕಾಣುತ್ತೆ, ನೋಡೋಕೇ ಖುಷಿ.

ನಿಮ್ಮ ಫ್ರೀಜರ್ ತುಂಡನ್ನ ಬಿಸಾಕಬೇಡಿ, ವೈರಸ್ ಇದೆಯಾ ಅಂತ ಪಿಸಿಆರ್ (ವೈರಸ್‌ನ ಜೀನ್ ಹುಡುಕೋ ಟೆಸ್ಟ್) ಮಾಡ್ಸೋದಾದ್ರೆ ಅದು ಕೆಲಸಕ್ಕೆ ಬರುತ್ತೆ, ಲ್ಯಾಬಲ್ಲಿ ಕೇಳಿ ನೋಡಿ.