ಹತ್ತು ಸಲ ಹತ್ತು ಕಿಲೋ

ರಾಯಚೂರಿನ ಮಾರುಕಟ್ಟೆಯಲ್ಲಿ ಹತ್ತಿಗೆ ದರ ಕಟ್ಟುವುದು ಕ್ವಿಂಟಾಲ್ ಲೆಕ್ಕದಲ್ಲಿ. ಹತ್ತು ಕಿಲೋ ಎಂದರೆ 0.1 ಕ್ವಿಂಟಾಲ್, ಹತ್ತು ಸಲ ಹತ್ತು ಕಿಲೋ ತೂಗಿದರೆ ಸರಿಯಾಗಿ ಒಂದು ಕ್ವಿಂಟಾಲ್. ಆದರೆ ಹತ್ತು 0.1ಗಳನ್ನು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ 3.11ನೇ ಆವೃತ್ತಿಯಲ್ಲಿ ಕೂಡಿಸುವ ‘ಸಮ್’ಗೆ ಕೊಟ್ಟು ನೋಡಿ, 0.9999999999999999 ಎನ್ನುತ್ತದೆ. ಪೈಥಾನ್ 3.12 ಮತ್ತು ಅದರ ಈಚಿನವು ಮಾತ್ರ 1.0 ಎನ್ನುತ್ತವೆ. ಜಾವಾಸ್ಕ್ರಿಪ್ಟ್ ಎಂಬ ಇನ್ನೊಂದು ಭಾಷೆಯಲ್ಲಿ ಒಂದೊಂದಾಗಿ ಕೂಡಿಸುತ್ತ ಹೋದರೆ ಮತ್ತೆ ಅದೇ ಒಂಬತ್ತುಗಳ ಸಾಲು.

ಮೂರನೇ ಒಂದು ಭಾಗವನ್ನು ದಶಮಾಂಶದಲ್ಲಿ ಬರೆದು ಮುಗಿಸಲಾಗದು. ಹಾಗೆಯೇ 0.1 ಕಂಪ್ಯೂಟರ್ ಬಳಸುವ ದ್ವಿಮಾನದಲ್ಲಿ, ಅಂದರೆ ಬರೀ ಸೊನ್ನೆ-ಒಂದುಗಳಲ್ಲಿ (ಇವೇ ಬಿಟ್‌ಗಳು), ಮುಗಿಯುವುದಿಲ್ಲ. ಕಂಪ್ಯೂಟರ್ ದಶಮಾಂಶಗಳನ್ನು ಇಟ್ಟುಕೊಳ್ಳುವ 64 ಬಿಟ್‌ಗಳ ‘ಫ್ಲೋಟಿಂಗ್ ಪಾಯಿಂಟ್’ ಸಂಖ್ಯೆಯಲ್ಲಿ ಬೆಲೆಯುಳ್ಳ ಅಂಕೆಗಳಿಗೆ ಸಿಗುವುದು 53 ಬಿಟ್‌ಗಳ ನಿಖರತೆ. ಉಳಿದದ್ದನ್ನು ಸಮೀಪದ ಸಂಖ್ಯೆಗೆ ಸರಿಹೊಂದಿಸಬೇಕು. ಸ್ವಾರಸ್ಯವೆಂದರೆ, ಹೀಗೆ ಉಳಿಯುವ ಸಂಖ್ಯೆ 0.1ಕ್ಕಿಂತ ಕೂದಲೆಳೆಯಷ್ಟು ದೊಡ್ಡದು. ಆದರೂ ಮೊತ್ತ ಒಂದಕ್ಕಿಂತ ಕಡಿಮೆ! ಮೂರನೆಯದನ್ನು ಕೂಡಿಸಿದಾಗ 0.30000000000000004 ಎಂದು ಮೇಲೇರಿದ್ದು, ಎಂಟನೆಯದಕ್ಕೆ 0.7999999999999999 ಎಂದು ಕೆಳಗಿಳಿಯುತ್ತದೆ. ಪ್ರತಿ ಹೆಜ್ಜೆಯಲ್ಲೂ ಹೊಸದಾಗಿ ಸರಿಹೊಂದಿಸುವುದರ ಫಲ ಇದು. ಪೈಥಾನ್ 3.12 ಹೀಗೆ ಬಿಟ್ಟುಹೋಗುವ ಚೂರನ್ನು ಪಕ್ಕಕ್ಕೆ ತೆಗೆದಿಟ್ಟು ಕೊನೆಗೆ ಸೇರಿಸುತ್ತದೆ.

ಕಂಪ್ಯೂಟರಿನ ದಶಮಾಂಶ ಲೆಕ್ಕವನ್ನು ನಂಬುವಂತಿಲ್ಲ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಕೂಡು, ಕಳೆ, ಗುಣಿಸು, ಭಾಗಿಸು, ವರ್ಗಮೂಲ ಇವುಗಳ ಉತ್ತರದ ಕೊನೆಯ ಬಿಟ್ ಏನಿರಬೇಕೆಂಬುದನ್ನು ಎಂಜಿನಿಯರುಗಳ ಸಂಸ್ಥೆ ಐಇಇಇಯ 1985ರ 754 ಮಾನದಂಡ ಕರಾರುವಾಕ್ಕಾಗಿ ಗೊತ್ತುಮಾಡಿದೆ. ಅದರ ಪ್ರಮುಖ ಶಿಲ್ಪಿ ವಿಲಿಯಂ ಕಹಾನ್‌ಗೆ 1989ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಬಂತು. ಒಂದೇ ಅಳತೆಯ ಸಂಖ್ಯೆ, ಒಂದೇ ಕ್ರಿಯೆ, ಒಂದೇ ಕ್ರಮವಾದರೆ ಯಾವ ಭಾಷೆಯಲ್ಲಿ ಬರೆದರೂ ಉತ್ತರ ಒಂದೇ.

ಎಡವಟ್ಟಾಗುವುದು ಕ್ರಮ ಬದಲಾದಾಗ. 0.1 ಮತ್ತು 0.2 ಮೊದಲು ಕೂಡಿಸಿ ಆಮೇಲೆ 0.3 ಸೇರಿಸಿದರೆ 0.6000000000000001, 0.2 ಮತ್ತು 0.3 ಮೊದಲಾದರೆ 0.6. ಪ್ರೋಗ್ರಾಂ ಅನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ವೇಗಕ್ಕಾಗಿ ಕ್ರಮವನ್ನು ಅದಲುಬದಲು ಮಾಡಬಹುದು, ಗುಣಾಕಾರವನ್ನೂ ಕೂಡಿಕೆಯನ್ನೂ ಬೆಸೆದು ಒಂದೇ ಸಲ ಸರಿಹೊಂದಿಸಬಹುದು. ಹಳೆಯ ಇಂಟೆಲ್ ಚಿಪ್‌ಗಳು ಒಳಗೆ 80 ಬಿಟ್‌ಗಳಲ್ಲಿ ಲೆಕ್ಕ ಹಾಕುತ್ತಿದ್ದವು; ಅದಕ್ಕಾಗಿ ನಿಯಮ ಸಡಿಲಿಸಿದ್ದ ಜಾವಾ ಭಾಷೆ ಎಲ್ಲೆಡೆ ಒಂದೇ ಕಟ್ಟುನಿಟ್ಟಿಗೆ ಮರಳಿದ್ದು 2021ರ 17ನೇ ಆವೃತ್ತಿಯಲ್ಲಿ. ಸೈನ್, ಲಾಗ್‌ಗಳ ವಿಷಯದಲ್ಲಿ ಮಾನದಂಡದ ಈಗಿನ ಆವೃತ್ತಿಯದ್ದೂ ಬರೀ ಶಿಫಾರಸು, ಹಾಗಾಗಿ ಗಣಿತ ಗ್ರಂಥಾಲಯ (ಲೆಕ್ಕದ ಸಿದ್ಧ ಪ್ರೋಗ್ರಾಂಗಳ ಸಂಗ್ರಹ) ಬದಲಾದರೆ ಕೊನೆಯ ಅಂಕೆಯೂ ಬದಲಾದೀತು. 2.5ನ್ನು ಪೂರ್ಣಾಂಕ ಮಾಡು ಎಂದರೆ ಪೈಥಾನ್ ಈಗ ಕೊಡುವ ಉತ್ತರ 2, ಜಾವಾಸ್ಕ್ರಿಪ್ಟ್ ಕೊಡುವುದು 3.

ಇಷ್ಟು ಸಣ್ಣ ವ್ಯತ್ಯಾಸಕ್ಕೆ ಯಾಕಿಷ್ಟು ತಲೆಬಿಸಿ? ತುಂಗಭದ್ರಾ ಜಲಾಶಯವನ್ನೇ ತೆಗೆದುಕೊಳ್ಳಿ. ಅದರ ನೀರಿನಲ್ಲಿ ಕರ್ನಾಟಕ, ಆಂಧ್ರ, ತೆಲಂಗಾಣ ಮೂವರಿಗೂ ಪಾಲಿದೆ. ಸುಮಾರು 11,574 ಕ್ಯುಸೆಕ್ ನೀರು ಒಂದು ದಿನವಿಡೀ ಹರಿದರೆ ಒಂದು ಟಿಎಂಸಿ, ಅಂದರೆ ನೂರು ಕೋಟಿ ಘನ ಅಡಿ. ಒಬ್ಬರು ಹರಿವನ್ನು ದಿನದಿನವೂ ಕೂಡಿಸುತ್ತ ಹೋದರು, ಇನ್ನೊಬ್ಬರು ತಿಂಗಳ ಮೊತ್ತಗಳನ್ನು ಕೂಡಿಸಿದರು ಎಂದಿಟ್ಟುಕೊಳ್ಳಿ. ಕೊನೆಯ ಅಂಕೆಗಳು ತಾಳೆಯಾಗದೇ ಹೋಗಬಹುದು. ಅದರಿಂದ ಯಾರ ಹೊಲದ ಹನಿ ನೀರೂ ಕಡಿಮೆಯಾಗದು, ನಿಜ. ಆದರೆ ವ್ಯತ್ಯಾಸ ಲೆಕ್ಕದ ಕ್ರಮದ್ದೋ, ಯಾರೋ ಒಂದು ದಿನದ ಅಂಕಿ ತಪ್ಪಾಗಿ ಬರೆದದ್ದೋ ಎಂದು ಹುಡುಕುವ ಕೆಲಸ ತಲೆಗೆ ಬರುತ್ತದೆ. ಬಿಟ್‌ಗೆ ಬಿಟ್ ತಾಳೆಯಾಗುವಂತೆ ಕಟ್ಟಿದ ಪ್ರೋಗ್ರಾಂನಲ್ಲಿ ಈ ಅನುಮಾನಕ್ಕೆ ಜಾಗವಿಲ್ಲ: ಅಂಕೆ ಬೇರೆ ಬಂದರೆ ಮಾಹಿತಿಯಲ್ಲೋ ಸೂತ್ರದಲ್ಲೋ ತಪ್ಪಿದೆ ಎಂದೇ ಅರ್ಥ. ಅದಕ್ಕಾಗಿ ಕೂಡಿಸುವ ಕ್ರಮವನ್ನು ಬರೆದಿಡಬೇಕು, ಕಂಪೈಲರಿನ ವೇಗದ ಆಯ್ಕೆಗಳನ್ನು ಬಂದ್ ಮಾಡಿಡಬೇಕು, ಎಲ್ಲರೂ ಒಂದೇ ಗಣಿತ ಗ್ರಂಥಾಲಯವನ್ನು ಬಳಸಬೇಕು. ಹಣದ ಲೆಕ್ಕವಾದರೆ ಇನ್ನೂ ಸುಲಭ: ರೂಪಾಯಿಯ ದಶಮಾಂಶ ಬಿಟ್ಟು ಪೈಸೆಗಳನ್ನು ಪೂರ್ಣಾಂಕವಾಗಿ ಎಣಿಸಿದರಾಯಿತು.