ಹೆಜ್ಜೆ ಹೋಗಿ ‘ಇಲ್ಲ’ ಆದ ಕಥೆ

ಫ್ರೆಂಚ್ ಕಲಿಯಲು ಶುರು ಮಾಡಿದವರಿಗೆ ಮೇಷ್ಟ್ರು ಬೇಗನೆ ಹೇಳಿಕೊಡುವ ನಿಯಮ ಒಂದಿದೆ. ‘ಇಲ್ಲ’ ಅನ್ನಬೇಕಾದರೆ ಕ್ರಿಯಾಪದದ ಆಚೆಗೊಂದು ಈಚೆಗೊಂದು ಪದ ಇಡಬೇಕು. ಮೊದಲು ‘ನ’, ಆಮೇಲೆ ‘ಪಾ’. ‘ಜ ಸೆ’ ಅಂದರೆ ನನಗೆ ಗೊತ್ತು, ‘ಜ ನ ಸೆ ಪಾ’ ಅಂದರೆ ಗೊತ್ತಿಲ್ಲ. ಇದನ್ನು ಉರು ಹೊಡೆದು ಪ್ಯಾರಿಸ್‌ನಲ್ಲಿ ಇಳಿದರೆ ಕಿವಿಗೆ ಬೀಳುವುದೇ ಬೇರೆ: ‘ಶೇಪಾ’. ಅಷ್ಟೇ! ‘ಜ’ ಮತ್ತು ‘ಸ’ ಒಂದಕ್ಕೊಂದು ಅಂಟಿಕೊಂಡು ‘ಶ’ ಆಗಿವೆ. ‘ಪಾ’ ಉಳಿದಿದೆ. ‘ನ’ ನಾಪತ್ತೆ.

ತಮಾಷೆ ಏನೆಂದರೆ, ಕಾಣೆಯಾದದ್ದೇ ಅಸಲಿ ‘ಇಲ್ಲ’. ಲ್ಯಾಟಿನ್ನಿನ ‘ನೋನ್’ ಸವೆದು ಸವೆದು ‘ನ’ ಆಯಿತು. ಹಳೆಯ ಫ್ರೆಂಚಿನಲ್ಲಿ ಅದೊಂದೇ ಸಾಕಾಗುತ್ತಿತ್ತು. ‘ಪಾ’ ಅಂದರೆ ಹೆಜ್ಜೆ. ಇವತ್ತಿಗೂ ಆ ಅರ್ಥ ಹೋಗಿಲ್ಲ.

ಹೆಜ್ಜೆ ‘ಇಲ್ಲ’ ಆಗಿದ್ದು ಹೇಗೆ? ನಾವು ದಿನಾ ಆಡುವ ಮಾತನ್ನೇ ನೋಡಿ. ‘ತಿನ್ನಲಿಲ್ಲ’ ಅಂದರೆ ಸಪ್ಪೆ. ‘ಒಂದಗುಳೂ ತಿನ್ನಲಿಲ್ಲ’ ಅಂದರೆ ಮಾತಿಗೆ ಜೋರು ಬಂತು. ಹನಿ ನೀರೂ ಕುಡಿಯಲಿಲ್ಲ, ಕೈಯಲ್ಲಿ ನಯಾಪೈಸೆ ಇಲ್ಲ ಅನ್ನುತ್ತೇವೆ. ತೀರಾ ಚಿಕ್ಕದನ್ನು ಹೆಸರಿಸಿ, ಅದೂ ಇಲ್ಲ ಅನ್ನುವ ಉಪಾಯ ಇದು. ಹಳೆಯ ಫ್ರೆಂಚರೂ ಇದನ್ನೇ ಮಾಡಿದರು. ನಡೆಯುವ ಮಾತು ಬಂದರೆ ‘ಪಾ’, ತಿನ್ನುವ ಮಾತಿಗೆ ಬ್ರೆಡ್ಡಿನ ಚೂರು ‘ಮೀ’, ಕುಡಿಯುವುದಕ್ಕೆ ಹನಿ, ಅಂದರೆ ‘ಗೂತ್’. ಚುಕ್ಕೆ ಅನ್ನುವ ‘ಪ್ವಾಂ’ ಕೂಡ ಈ ಸಾಲಿನಲ್ಲಿತ್ತು. ಬರುಬರುತ್ತಾ ‘ಪಾ’ ನಡಿಗೆಯನ್ನು ಬಿಟ್ಟು ಎಲ್ಲ ಕಡೆ ನುಗ್ಗಿತು. ಹೆಜ್ಜೆಗೆ ಸಂಬಂಧವೇ ಇಲ್ಲದ ‘ಗೊತ್ತಿಲ್ಲ’, ‘ಹೇಳಲ್ಲ’ ಎಂಬ ಮಾತುಗಳಿಗೂ ಅದೇ ಬಂತು. ಉಳಿದವು ಮೂಲೆಗೆ ಸರಿದವು.

ನಮ್ಮ ‘ಚೂರೂ’ ಕೂಡ ಇದೇ ದಾರಿ ಹಿಡಿದಿದೆ ಅನಿಸುತ್ತದೆ. ಚೂರೂ ಇಷ್ಟ ಇಲ್ಲ, ಚೂರೂ ನಿದ್ದೆ ಬರಲಿಲ್ಲ. ಇಷ್ಟವನ್ನು ಯಾರಾದರೂ ಚೂರು ಮಾಡುತ್ತಾರಾ? ಆದರೆ ಕನ್ನಡದ ‘ಇಲ್ಲ’ ವಾಕ್ಯದ ಕೊನೆಯಲ್ಲಿ ಗಟ್ಟಿಯಾಗಿ ಕೂತಿದೆ, ನುಂಗಿಬಿಡುವುದು ಕಷ್ಟ. ಫ್ರೆಂಚಿನ ‘ನ’ ಒತ್ತೇ ಇಲ್ಲದ ಸಣ್ಣ ಸದ್ದು. ವೇಗವಾಗಿ ಮಾತಾಡಿದರೆ ಸ್ವರ ಮೊದಲು ಹೋಗುತ್ತದೆ, ಹಿಂದೆಯೇ ವ್ಯಂಜನವೂ. ಎಲ್ಲರೂ ಎಲ್ಲ ಮಾತಿಗೂ ‘ಪಾ’ ಸೇರಿಸಿದ ಮೇಲೆ ಅದರ ಜೋರೂ ಇಳಿಯಿತು. ಒತ್ತಿ ಹೇಳಲು ಬಂದ ಪದ ಸುಮ್ನೆ ಮಾಮೂಲಿ ‘ಇಲ್ಲ’ ಆಗಿಬಿಟ್ಟಿತು.

ಡೆನ್ಮಾರ್ಕಿನ ಭಾಷಾವಿಜ್ಞಾನಿ ಒಟ್ಟೊ ಯೆಸ್ಪರ್ಸನ್ 1917ರಲ್ಲಿ, ಹಳೆಯ ‘ಇಲ್ಲ’ ಸವೆದು ಒತ್ತಿ ಹೇಳಲು ಬಂದ ಪದವೇ ಹೊಸ ‘ಇಲ್ಲ’ ಆಗುವ ಈ ಸುತ್ತನ್ನು ಬಿಡಿಸಿ ತೋರಿಸಿದರು. ಇಂಗ್ಲಿಷಿನ ‘ನಾಟ್’ ಕೂಡ ಮೊದಲು ‘ಏನೇನೂ ಇಲ್ಲ’ ಎಂದು ಒತ್ತಿ ಹೇಳುವ ಪದವಾಗಿತ್ತು. ಇದಕ್ಕೆ ಈಗ ಯೆಸ್ಪರ್ಸನ್ ಚಕ್ರ ಎಂದೇ ಹೆಸರು.

‘ನ’ ಎಷ್ಟು ಬೇಗ ಹೋಗುತ್ತಿದೆ? ಫ್ರಾನ್ಸಿನ ಟೂರ್ ನಗರದ ಜನರ ಮಾತನ್ನು 1976ರಲ್ಲಿ ಧ್ವನಿಮುದ್ರಿಸಿದಾಗ ಅದು ಬರಬೇಕಾದ ಕಡೆ ನೂರಕ್ಕೆ ಸುಮಾರು 37 ಸಲ ಬರುತ್ತಿತ್ತು. 1995ಕ್ಕೆ 18ಕ್ಕೆ ಇಳಿದಿತ್ತು. ಕೆನಡಾದ ಮಾಂಟ್ರಿಯಲ್‌ನಲ್ಲಂತೂ 1970ರ ದಶಕದಲ್ಲೇ ನೂರಕ್ಕೆ ಒಂದೂ ಇರಲಿಲ್ಲ. ಹಾಗಂತ ಈಗಿನ ಹುಡುಗರು ಭಾಷೆ ಕೆಡಿಸಿದರು ಅನ್ನುವಂತಿಲ್ಲ. 1601ರಲ್ಲಿ ಹುಟ್ಟಿದ ರಾಜಕುಮಾರ, ಮುಂದೆ 13ನೇ ಲೂಯಿ ಆದವನು, ಮಗುವಾಗಿದ್ದಾಗ ಆಡಿದ ಮಾತುಗಳನ್ನು ಅವನ ವೈದ್ಯ ಎರುವಾರ್ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಅಲ್ಲೂ ಕೆಲವು ಕಡೆ ‘ನ’ ಇಲ್ಲ!

‘ಪಾ’ ಒಂದೇ ಅಲ್ಲ, ಸಹವಾಸದಿಂದ ಬದಲಾದ ಪದಗಳು ಇನ್ನೂ ಇವೆ. ‘ಯೂನ್ ಪೆರ್ಸನ್’ ಅಂದರೆ ಒಬ್ಬ ವ್ಯಕ್ತಿ. ‘ಬಾಗಿಲಲ್ಲಿ ಯಾರು?’ ಎಂದು ಕೇಳಿದಾಗ ಬರೀ ‘ಪೆರ್ಸನ್’ ಅಂದರೆ ಯಾರೂ ಇಲ್ಲ! ‘ಏನೂ ಇಲ್ಲ’ ಅನ್ನುವ ‘ರಿಯಾಂ’ ಹುಟ್ಟಿದ್ದು ಲ್ಯಾಟಿನ್ನಿನಲ್ಲಿ ‘ವಸ್ತು’ ಅನ್ನುವ ಪದದಿಂದ. ಇತ್ತ ‘ನ’ ಒಂಟಿಯಾಗಿಯೂ ಅಲ್ಲಲ್ಲಿ ಬದುಕಿದೆ. ಇಂಗ್ಲಿಷಿನವರೂ ಎತ್ತಿಕೊಂಡ ‘ಜ ನ ಸೆ ಕ್ವಾ’, ಅಂದರೆ ‘ಏನೋ ಒಂದು, ಹೇಳಲು ಬರಲ್ಲ’ ಅನ್ನುವಲ್ಲಿ ‘ಪಾ’ ಬಂದೇ ಇಲ್ಲ. ಓದು ಬರಹದ ಫ್ರೆಂಚಿನಲ್ಲಂತೂ ‘ನ’ ಇನ್ನೂ ಕಡ್ಡಾಯ.

ನಿಜವಾದ ಫಜೀತಿ ‘ಪ್ಲ್ಯು’ ಪದದ್ದು. ಅದರ ಮೂಲ ಅರ್ಥ ‘ಹೆಚ್ಚು’. ‘ನ’ ಜೊತೆ ಸೇರಿದರೆ ‘ಇನ್ನು ಬೇಡ, ಇನ್ನಿಲ್ಲ’. ಈಗ ‘ನ’ ಬಿದ್ದುಹೋದರೆ? ಮಾತಿನಲ್ಲಿ ಜನ ದಾರಿ ಕಂಡುಕೊಂಡಿದ್ದಾರೆ. ‘ಜಾಂ ವ ಪ್ಲ್ಯುಸ್’ ಎಂದು ಕೊನೆಯ ‘ಸ್’ ಉಚ್ಚರಿಸಿದರೆ ಇನ್ನೂ ಜಾಸ್ತಿ ಬೇಕು. ‘ಜಾಂ ವ ಪ್ಲ್ಯು’ ಅಂದರೆ ಸಾಕು. ಬರೆಯುವಾಗ ಮಾತ್ರ ಎರಡಕ್ಕೂ ಒಂದೇ ಸ್ಪೆಲಿಂಗ್. ಮೊಬೈಲಿನಲ್ಲಿ ಇಂಥ ಮೆಸೇಜ್ ಬಂದರೆ ಬಡಿಸಬೇಕೋ ಪಾತ್ರೆ ಎತ್ತಿಡಬೇಕೋ ಗೊತ್ತಾಗಲ್ಲ. ಅಲ್ಲಿ ಆ ಹಳೇ ‘ನ’ ಬರೆಯುವುದೇ ಕ್ಷೇಮ.